ಒಯ್ದವರ ಹೆಸರು ಉಳಿಯದ ರಿಜಿಸ್ಟರು: ಕನ್ನಡ ಸಂಘಗಳ ಗ್ರಂಥಾಲಯ ಉಪಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪದಾಧಿಕಾರಿಗಳೇ, ಗ್ರಂಥಾಲಯ ಉಪಸಮಿತಿಯ ಸದಸ್ಯರೇ,

ಮುಂಬಯಿ, ಠಾಣೆ, ಡೊಂಬಿವಲಿ, ಪುಣೆಗಳಲ್ಲಿ ಕನ್ನಡ ಸಂಘಗಳು ನಡೆಸುವ ಗ್ರಂಥಾಲಯಗಳಿಗೆ ಈ ಪತ್ರ. ಬೇಡಿಕೆ ಚಿಕ್ಕದು. ಮುಂದಿನ ಖರೀದಿಯಲ್ಲಿ ಹನ್ನೆರಡು ಪ್ರೇಮಕಾದಂಬರಿಗಳನ್ನು ತರಿಸಿ. ಇಬ್ಬರು ಗಂಡಸರು ಮನಸೋಲುವ, ಇಬ್ಬರು ಹೆಂಗಸರು ಮನೆ ಹೂಡುವ, ಟ್ರಾನ್ಸ್ ಹುಡುಗ ನಾಯಕನೇ ಆಗಿರುವ ಕಾದಂಬರಿಗಳು. ಆರು ಇಂದಿನ ಕಾಲದವು. ಉಳಿದ ಆರು ಡ್ರ್ಯಾಗನ್, ಮಂತ್ರವಿದ್ಯೆ, ಸಾಮ್ರಾಜ್ಯಗಳಿರುವ ಕಲ್ಪನಾಲೋಕದವು. ಇಂಗ್ಲಿಷಿನಲ್ಲಿ ಇವು ಧಾರಾಳವಾಗಿ ಬರುತ್ತಿವೆ. ಸಾಮಾನ್ಯ ಪೇಪರ್‌ಬ್ಯಾಕಿಗೆ 400ರಿಂದ 600 ರೂಪಾಯಿ ಹಿಡಿದರೆ ಹನ್ನೆರಡಕ್ಕೆ ಏಳೂಕಾಲು ಸಾವಿರದೊಳಗೆ ಮುಗಿಯುತ್ತದೆ. ವಾರ್ಷಿಕೋತ್ಸವದ ಶಾಲು, ಹಾರ, ಸ್ಮರಣಿಕೆಗಳ ಬಿಲ್ಲಿನ ಪಕ್ಕ ಇಟ್ಟು ನೋಡಿದರೆ ಇದು ದೊಡ್ಡ ಮೊತ್ತವಲ್ಲ.

ತರಿಸುವುದು ಸುಲಭ. ತರಿಸಿದ ಪುಸ್ತಕ ಕಪಾಟಿನಿಂದ ಓದುವವರ ಚೀಲಕ್ಕೆ ಹೋಗುವ ಹತ್ತು ಹೆಜ್ಜೆಯ ದಾರಿಯೇ ಕಷ್ಟದ್ದು. ಪತ್ರ ಉದ್ದವಾಗಿರುವುದು ಆ ಹತ್ತು ಹೆಜ್ಜೆಗಾಗಿ.

ನಿಮ್ಮ ಕಪಾಟಿನಲ್ಲಿ ಯಾವ ಪುಸ್ತಕದ ಬೆನ್ನು ಕಿತ್ತಿದೆ ಎಂದು ಒಮ್ಮೆ ನೋಡಿ. ಸಮಗ್ರ ಸಂಪುಟಗಳ ಚಿನ್ನದಕ್ಷರ ಹೊಳೆಯುತ್ತಲೇ ಇರುತ್ತದೆ. ತ್ರಿವೇಣಿ, ಸಾಯಿಸುತೆ, ಉಷಾ ನವರತ್ನರಾಂ ಅವರ ಪುಸ್ತಕಗಳಿಗೆ ಮಾತ್ರ ಎರಡು ಸಲವಾದರೂ ಹೊಸ ರಟ್ಟು ಬಿದ್ದಿರುತ್ತದೆ. ಹೊರನಾಡಿನಲ್ಲಿ ಕನ್ನಡ ಓದನ್ನು ಸಾಕಿಕೊಂಡು ಬಂದದ್ದು ಪ್ರೇಮಕಾದಂಬರಿ. ಅದನ್ನು ಹಗುರವೆಂದು ಹೇಳಿದವರ ಮನೆಯಲ್ಲೂ ಅದು ದಿಂಬಿನ ಕೆಳಗಿತ್ತು. ನಾವು ಕೇಳುತ್ತಿರುವುದು ಅದೇ ಜಾತಿಯ ಪುಸ್ತಕ. ಮನಸ್ಸು ಕೊಡುವವರು ಯಾರು ಎಂಬುದಷ್ಟೇ ಬೇರೆ.

ಕನ್ನಡದಲ್ಲಿ ಈ ಬದುಕಿನ ಬಗ್ಗೆ ಬರವಣಿಗೆಯೇ ಇಲ್ಲ ಎನ್ನುವಂತಿಲ್ಲ. ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂತು. ನಿಮ್ಮಲ್ಲಿ ಇಲ್ಲವಾದರೆ ಮೊದಲು ಅದನ್ನು ತರಿಸಿ. ಟ್ರಾನ್ಸ್‌ಜೆಂಡರ್ ಸಮುದಾಯದವರ ಆತ್ಮಕಥೆಗಳೂ ಕನ್ನಡದಲ್ಲಿವೆ. ಅವು ಇರಲೇಬೇಕು. ಆದರೆ ಆತ್ಮಕಥೆ ಪ್ರೇಮಕಾದಂಬರಿಯ ಜಾಗ ತುಂಬುವುದಿಲ್ಲ. ಒಂದನ್ನು ಓದಿ ಎದೆ ಭಾರವಾಗುತ್ತದೆ. ಇನ್ನೊಂದನ್ನು ರವಿವಾರ ಮಧ್ಯಾಹ್ನ ಊಟ ಮುಗಿಸಿ, ಫ್ಯಾನಿನ ಕೆಳಗೆ ಕಾಲು ಚಾಚಿ, ಮುಂದೇನಾಯಿತು ಎಂಬ ಆಸೆಯಲ್ಲಿ ಓದುತ್ತೇವೆ. ಆ ಎರಡನೆಯ ಸುಖ ಎಲ್ಲರಿಗೂ ಸಲ್ಲಬೇಕು. ‘ಯಕ್ಷಗಾನದ ಸ್ತ್ರೀವೇಷ ಇಲ್ಲವೇ, ಶಿಖಂಡಿ ಇಲ್ಲವೇ, ನಮ್ಮಲ್ಲಿ ಎಲ್ಲ ಮೊದಲೇ ಇತ್ತು’ ಎಂಬ ವಾದವನ್ನು ನಾವು ಹೂಡುತ್ತಿಲ್ಲ. ವೇಷ ಬೇರೆ, ಬದುಕು ಬೇರೆ.

ಕೊನೆಯ ಪುಟದಿಂದ ಆರಂಭಿಸಿ

ಪುಸ್ತಕ ಆರಿಸುವವರು ಮೊದಲು ಕಲಿಯಬೇಕಾದದ್ದು ಪ್ರೇಮವಿರುವ ಕಾದಂಬರಿಗೂ ಪ್ರೇಮಕಾದಂಬರಿಗೂ ಇರುವ ವ್ಯತ್ಯಾಸ. ರೊಮ್ಯಾನ್ಸ್ ಎಂಬ ಪ್ರಕಾರಕ್ಕೆ ಎರಡೇ ಕರಾರು: ಕಥೆಯ ನಡುಮಧ್ಯದಲ್ಲಿ ಪ್ರೇಮವೇ ಇರಬೇಕು, ಮುಗಿಯುವಾಗ ಓದುಗರ ಮನಸ್ಸು ನಿರಾಳವಾಗಬೇಕು. ಇಬ್ಬರೂ ಬದುಕಿರಬೇಕು, ಜೊತೆಗಿರಬೇಕು. ಮದುವೆಯಾಗಿ ಸುಖವಾಗಿದ್ದರು ಎಂಬ ಮುಕ್ತಾಯವೂ ಆದೀತು, ಸದ್ಯಕ್ಕೆ ಜೊತೆಗಿದ್ದಾರೆ ಎಂಬುದೂ ಆದೀತು. ನಮ್ಮ ಓದುಗರಿಗೆ ಎರಡನೆಯದೇ ಹೆಚ್ಚು ಹತ್ತಿರ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಕಾನೂನಿನ ಮನ್ನಣೆ ಕೊಡಲಿಲ್ಲ.

ಈ ಬಗೆಯ ಕಾದಂಬರಿಗಳಲ್ಲಿ ಮುಕ್ತಾಯ ಬೇರೆಲ್ಲಕ್ಕಿಂತ ಮುಖ್ಯವಾಗಲು ಒಂದು ಹಿನ್ನೆಲೆಯಿದೆ. ಇ. ಎಂ. ಫಾರ್ಸ್ಟರ್ ‘ಮಾರಿಸ್’ ಕಾದಂಬರಿಯನ್ನು 1913-14ರಲ್ಲೇ ಬರೆದರು. ಇಬ್ಬರು ಗಂಡಸರು ಕೊನೆಗೆ ಒಂದಾಗಲೇಬೇಕು ಎಂದು ಹಟ ಹಿಡಿದು ಹಾಗೇ ಮುಗಿಸಿದರು. ಆ ಸುಖಾಂತದೊಂದಿಗೆ ಅದನ್ನು ಆಗ ಅಚ್ಚಿಸುವಂತಿರಲಿಲ್ಲ. ಅವರು ತೀರಿಕೊಂಡ ಮೇಲೆ 1971ರಲ್ಲಿ ಹೊರಬಂತು. ಅಮೆರಿಕದಲ್ಲಿ 1952ರಲ್ಲಿ ಒಂದೇ ವರ್ಷ ಎರಡು ಪುಸ್ತಕ ಬಂದವು. ‘ಸ್ಪ್ರಿಂಗ್ ಫೈರ್’ ಬರೆದ ಮ್ಯಾರಿಜೇನ್ ಮೀಕರ್‌ಗೆ, ಇಬ್ಬರು ಹುಡುಗಿಯರು ಸುಖವಾಗಿರುವಂತೆ ಮುಗಿಸಿದರೆ ಅಂಚೆಯವರು ಪುಸ್ತಕವನ್ನು ತಡೆಯುತ್ತಾರೆ ಎಂದು ಸಂಪಾದಕರು ಮೊದಲೇ ಹೇಳಿದ್ದರು. ಆ ಕಥೆ ದುರಂತವಾಯಿತು. ಪೆಟ್ರೀಷಿಯಾ ಹೈಸ್ಮಿತ್ ಬೇರೆ ಹೆಸರಿನಲ್ಲಿ ಪ್ರಕಟಿಸಿದ ‘ದ ಪ್ರೈಸ್ ಆಫ್ ಸಾಲ್ಟ್’ ಆಸೆ ಉಳಿಸಿ ಮುಗಿಯಿತು, ಅದಕ್ಕಾಗಿಯೇ ಓದುಗರ ಕಾಗದಗಳು ರಾಶಿ ಬಿದ್ದವು. ಅಲ್ಲಿಂದ ಹಲವು ದಶಕ, ಇಂಥ ಪಾತ್ರ ಬಂದರೆ ಸಾಯುವುದಕ್ಕೇ ಬಂದಿದೆ ಎಂದು ಓದುಗರು ಮೊದಲೇ ತಿಳಿದುಕೊಳ್ಳುವಂತಾಗಿತ್ತು.

ಆದ್ದರಿಂದ ಉಪಸಮಿತಿಯಲ್ಲಿ ಒಬ್ಬರು ಕೊನೆಯ ಅಧ್ಯಾಯವನ್ನು ಮೊದಲು ಓದಲಿ. ಯಾರು ಸತ್ತರು, ಯಾರು ಊರು ಬಿಟ್ಟರು, ಯಾರು ಬೇರೆಯವರನ್ನು ಮದುವೆಯಾದರು ಎಂದು ನೋಡಲಿ. ಆಮೇಲೆ ಮೊದಲ ಮೂವತ್ತು ಪುಟ ಓದಲಿ. ಕ್ವಿಯರ್ ಪಾತ್ರ, ಅಂದರೆ ಸಲಿಂಗ ಒಲವಿನ ಅಥವಾ ಟ್ರಾನ್ಸ್ ಪಾತ್ರ, ಕಥೆಯ ಹೊಣೆ ಹೊತ್ತಿದೆಯೋ, ನಾಯಕಿಗೆ ಸೀರೆ ಆರಿಸಿಕೊಡುವ ತಮಾಷೆಯ ಗೆಳೆಯನೋ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಮೂರನೆಯದು, ಪುಸ್ತಕ ಮುಕ್ಕಾಲು ದಾಟಿದಲ್ಲಿ ತೆರೆದು ನೋಡುವುದು. ಪ್ರೇಮಕಾದಂಬರಿಯಲ್ಲಿ ದೊಡ್ಡ ಮುನಿಸು ಬರುವುದು ಸಾಮಾನ್ಯವಾಗಿ ಅಲ್ಲೇ. ಆ ಮುನಿಸಿಗೆ ಕಾರಣ ಯಾರೋ ಗುಟ್ಟು ಹೊರಗೆ ಹಾಕಿದರು ಎಂಬುದೊಂದೇ ಆಗಿದ್ದರೆ ಅಂಥ ಪುಸ್ತಕ ಹನ್ನೆರಡರಲ್ಲಿ ಒಂದೋ ಎರಡೋ ಸಾಕು. ಹನ್ನೆರಡೂ ಹಾಗೇ ಇದ್ದರೆ ಓದುಗರಿಗೆ ಉಸಿರು ಕಟ್ಟುತ್ತದೆ. ಅಡುಗೆ ಸ್ಪರ್ಧೆಗೋ ಬಾಡಿಗೆ ಮನೆಗೋ ಜಗಳವಾಡುವ ಪ್ರೇಮಿಗಳೂ ಬೇಕು.

ಮರಾಠಿ ಓದುವ ಸದಸ್ಯರು ಸಚಿನ್ ಕುಂಡಲ್ಕರ್ ಅವರ ‘ಕೋಬಾಲ್ಟ್ ಬ್ಲೂ’ ಕೇಳಿಯಾರು. ಪುಣೆಯ ಒಂದು ಮನೆ. ಪೇಯಿಂಗ್ ಗೆಸ್ಟ್ ಆಗಿ ಬಂದವನಿಗೆ ಆ ಮನೆಯ ಮಗ, ಮಗಳು ಇಬ್ಬರೂ ಮನಸೋಲುತ್ತಾರೆ. ಒಳ್ಳೆಯ ಕಾದಂಬರಿ, ತರಿಸಿ. ಆದರೆ ಅವನು ಬಿಟ್ಟುಹೋಗುತ್ತಾನೆ. ರೊಮ್ಯಾನ್ಸ್ ಎಂದು ಹೇಳಿ ಕೊಟ್ಟರೆ ಓದಿದವರು ನಿಮ್ಮನ್ನು ಬೈಯುತ್ತಾರೆ. ಆರ್. ರಾಜ್ ರಾವ್ ಅವರ ಮುಂಬಯಿ ಕಾದಂಬರಿ ‘ದ ಬಾಯ್‌ಫ್ರೆಂಡ್’ (2003) ಕೂಡ ಸಾಹಿತ್ಯದ ಸಾಲಿಗೆ ಸೇರತಕ್ಕದ್ದು.

ಮುಖಪುಟ ನಂಬಬೇಡಿ

ಈಗಿನ ಪ್ರೇಮಕಾದಂಬರಿಗಳ ಮುಖಪುಟದಲ್ಲಿ ಹೆಚ್ಚಾಗಿ ಫೋಟೋ ಇರುವುದಿಲ್ಲ. ಗುಲಾಬಿ, ನೀಲಿ ಬಣ್ಣದ ಗೊಂಬೆಚಿತ್ರ. ನೋಡಿದರೆ ಮಕ್ಕಳ ಪುಸ್ತಕವೆನ್ನಬೇಕು. ಗ್ರಂಥಾಲಯಗಳು ಅತಿ ಹೆಚ್ಚು ಎಡವುವುದು ಇಲ್ಲಿ. ಅಮೆರಿಕದ ಅಧ್ಯಕ್ಷೆಯ ಮಗನಿಗೂ ಇಂಗ್ಲೆಂಡಿನ ರಾಜಕುಮಾರನಿಗೂ ಪ್ರೇಮವಾಗುವ ‘ರೆಡ್, ವೈಟ್ ಆ್ಯಂಡ್ ರಾಯಲ್ ಬ್ಲೂ’ (2019) ದೊಡ್ಡವರ ಪುಸ್ತಕ, ಮಲಗುವ ಕೋಣೆಯ ಬಾಗಿಲು ಅದರಲ್ಲಿ ಮುಚ್ಚಿರುವುದಿಲ್ಲ. ಆಲಿಸ್ ಓಸ್‌ಮನ್ ಅವರ ‘ಹಾರ್ಟ್‌ಸ್ಟಾಪರ್’ ಹೈಸ್ಕೂಲಿನ ಹುಡುಗರಿಬ್ಬರ ಕಾಮಿಕ್ಸ್ ಕಥೆ, ಮುತ್ತಿನಾಚೆ ಹೆಚ್ಚೇನಿಲ್ಲ. ಇವೆರಡನ್ನೂ ಒಂದೇ ಕಡೆ ಇಟ್ಟರೆ ಮೊದಲ ತಕರಾರು ಒಂದು ತಿಂಗಳೊಳಗೆ ಬರುತ್ತದೆ, ಬಂದರೆ ತಪ್ಪು ನಿಮ್ಮದೇ. ‘ಹಾರ್ಟ್‌ಸ್ಟಾಪರ್’ಗೂ ಒಂದು ಎಚ್ಚರಿಕೆ ಬೇಕು: ನಾಲ್ಕನೆಯ ಸಂಪುಟದಲ್ಲಿ ಹುಡುಗನೊಬ್ಬನ ಊಟ ಬಿಡುವ ಕಾಯಿಲೆ, ಮನಸ್ಸಿನ ಕುಸಿತ ವಿವರವಾಗಿ ಬರುತ್ತದೆ. ಅನೇಕ ಲೇಖಕರು ಇಂಥ ಸೂಚನೆಯನ್ನು ಪುಸ್ತಕದ ಮೊದಲ ಪುಟಗಳಲ್ಲೇ ಅಚ್ಚಿಸುತ್ತಾರೆ. ಅದನ್ನು ಓದಿ, ಕ್ಯಾಟಲಾಗಿನಲ್ಲಿ ಒಂದು ಸಾಲು ಬರೆದುಕೊಳ್ಳಿ.

ಬಾಗಿಲು ಎಷ್ಟು ತೆರೆದಿದೆ ಎಂಬುದಕ್ಕೆ ಓದುಗರು ‘ಸ್ಪೈಸ್’ ಎನ್ನುತ್ತಾರೆ, ಖಾರ. ಮೂರು ಗುರುತು ಸಾಕು. ಖಾರವಿಲ್ಲ, ಬಾಗಿಲು ಮುಚ್ಚಿದೆ, ಬಾಗಿಲು ತೆರೆದಿದೆ. ಮೂರನೆಯದು 18 ತುಂಬಿದವರಿಗೆ. ಈ ಗುರುತನ್ನು ಗಂಡುಹೆಣ್ಣಿನ ಪ್ರೇಮಕಾದಂಬರಿಗಳಿಗೂ ಹಾಕಬೇಕು. ಇಬ್ಬರು ಹುಡುಗರು ಕೈ ಹಿಡಿದ ಪುಸ್ತಕಕ್ಕೆ 18, ಗಂಡುಹೆಣ್ಣಿನ ಶೃಂಗಾರ ನೂರು ಪುಟವಿದ್ದರೂ ಮುಕ್ತ ಎಂದರೆ ಅದು ಗುರುತಲ್ಲ, ಬಹಿಷ್ಕಾರ.

ಕಲ್ಪನಾಲೋಕದ ಕಾದಂಬರಿಗಳಲ್ಲಿ ಗೋಜಲು ಇನ್ನೊಂದು ಬಗೆಯದು, ಸರಣಿಗಳದು. ಮೂರು ಮಾದರಿ ನೆನಪಿಡಿ. ತಾಶಾ ಸೂರಿ ಅವರ ‘ದ ಜಾಸ್ಮಿನ್ ಥ್ರೋನ್’ (2021), ‘ದ ಒಲಿಯಾಂಡರ್ ಸ್ವೋರ್ಡ್’ (2022), ‘ದ ಲೋಟಸ್ ಎಂಪೈರ್’ (2024) ಒಂದೇ ಜೋಡಿಯ ಒಂದೇ ಕಥೆ. ಮೂರನ್ನೂ ಕೊಳ್ಳಿ, ಇಲ್ಲವೇ ಒಂದೂ ಬೇಡ. ಫ್ರೇಯಾ ಮಾರ್ಸ್ಕ್ ಅವರ ‘ಅ ಮಾರ್ವಲಸ್ ಲೈಟ್’ನಿಂದ (2021) ಶುರುವಾಗುವ ತ್ರಿವಳಿಯಲ್ಲಿ ಪ್ರತಿ ಸಂಪುಟಕ್ಕೂ ಬೇರೆ ಜೋಡಿ. ಮೊದಲಿನದು ಗಂಡಸರಿಬ್ಬರದು, ಎರಡನೆಯದು ಹಡಗಿನಲ್ಲಿ ಭೇಟಿಯಾಗುವ ಹೆಂಗಸರಿಬ್ಬರದು. ಆದರೂ ಮಂತ್ರದ ಒಳಸಂಚು ಮೂರಕ್ಕೂ ಹಬ್ಬಿರುವುದರಿಂದ ಕ್ರಮ ತಪ್ಪಿಸುವಂತಿಲ್ಲ. ಇವು ತೆರೆದ ಬಾಗಿಲಿನವು. ಅಂದದ ಹೂಬಳ್ಳಿಯ ಮುಖಪುಟ ನೋಡಿ ಮೋಸಹೋಗಬೇಡಿ. ಮೂರನೆಯ ಮಾದರಿ, ಆ್ಯಶ್ಲಿ ಹೆರಿಂಗ್ ಬ್ಲೇಕ್ ಅವರ ‘ಡಿಲೈಲಾ ಗ್ರೀನ್ ಡಸಂಟ್ ಕೇರ್’ (2022) ಥರದ ಇಂದಿನ ಕಾಲದ ಸರಣಿ. ಊರೊಂದೇ, ಗೆಳತಿಯರ ಗುಂಪೊಂದೇ. ಪ್ರತಿ ಪುಸ್ತಕ ಸ್ವತಂತ್ರ. ಬಜೆಟ್ ಕಡಿಮೆಯಿದ್ದರೆ ಇಂಥದರಿಂದ ಆರಂಭಿಸಿ. ರಿಯಾಯಿತಿಯಲ್ಲಿ ಸಿಕ್ಕಿತೆಂದು ಮೂರನೆಯ ಸಂಪುಟವೊಂದನ್ನೇ ತಂದು ಇಟ್ಟ ಕಪಾಟುಗಳು ಎಷ್ಟಿಲ್ಲ!

ಸಮಂತಾ ಶ್ಯಾನನ್ ಅವರ ‘ದ ಪ್ರಯರಿ ಆಫ್ ದ ಆರೆಂಜ್ ಟ್ರೀ’ (2019) ಎಂಟುನೂರು ಪುಟ ದಾಟಿದ ಡ್ರ್ಯಾಗನ್ ಕಥೆ. ರಾಣಿಗೂ ಅವಳ ಕಾವಲಿಗೆ ಬಂದ ಮಂತ್ರವಾದಿನಿಗೂ ಪ್ರೇಮವಾಗುತ್ತದೆ, ಆದರೆ ಅದು ಹಲವು ಎಳೆಗಳಲ್ಲಿ ಒಂದು. ಪ್ರೇಮಕ್ಕಾಗಿಯೇ ಓದುವವರು ಇನ್ನೂರು ಪುಟ ಕಾಯಲಾರದೆ ಬಿಡುತ್ತಾರೆ. ಮುಂಬಯಿಯ ಮಳೆಗಾಲದಲ್ಲಿ ಅಷ್ಟು ದಪ್ಪದ ಪೇಪರ್‌ಬ್ಯಾಕಿನ ಅಂಟು ಬಿಡುವುದೂ ಅಷ್ಟೇ ಖಂಡಿತ. ಬೈಂಡರ್ ಹತ್ತಿರ ಮೊದಲೇ ಬೆನ್ನಿಗೆ ಬಟ್ಟೆಪಟ್ಟಿ ಹಾಕಿಸಿ. ಫುಟ್‌ಪಾತಿನ ಅಗ್ಗದ ನಕಲಿ ಪ್ರತಿ ಬೇಡವೇ ಬೇಡ. ಅಕ್ಷರ ಮಸುಕು, ಪುಟ ಕಾಣೆ, ಬರೆದವರಿಗೆ ಒಂದು ಪೈಸೆಯೂ ಇಲ್ಲ.

ಯಾವುದರಿಂದ ಶುರುಮಾಡಲಿ ಎಂದು ಕೇಳುವ ಹೊಸ ಓದುಗರಿಗೆ ಟ್ರ್ಯಾವಿಸ್ ಬಾಲ್ಡ್ರೀ ಅವರ ‘ಲೆಜೆಂಡ್ಸ್ ಆ್ಯಂಡ್ ಲಾಟೇಸ್’ (2022) ಕೊಡಿ. ಯುದ್ಧ ಸಾಕಾದ ವಿವ್ ಎಂಬ ರಕ್ಕಸಿ ಕತ್ತಿ ಗೋಡೆಗೆ ತೂಗುಹಾಕಿ, ಕಾಫಿಯ ಹೆಸರೇ ಕೇಳಿರದ ಊರಿನಲ್ಲಿ ಹಳೆಯ ಕುದುರೆಲಾಯ ಕೊಂಡು ಕಾಫಿ ಅಂಗಡಿ ತೆರೆಯುತ್ತಾಳೆ. ರಿಪೇರಿಗೆ ಬಡಗಿ ಬೇಕು, ಮೊದಲ ದಿನ ಗಿರಾಕಿಯಿಲ್ಲ, ತಿಂಡಿ ಮಾಡುವ ಕೈ ಸಿಕ್ಕಿದ ಮೇಲೆ ಸಾಲು ನಿಲ್ಲುತ್ತದೆ, ವಸೂಲಿಯವರು ಬರುತ್ತಾರೆ, ಬೆಂಕಿಯೂ ಬೀಳುತ್ತದೆ. ಮುಂಬಯಿಯಲ್ಲಿ ಉಡುಪಿ ಹೋಟೆಲು ಕಟ್ಟಿದವರ ಮನೆಗಳಿಗೆ ಈ ಕಥೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಗಲ್ಲೆಯ ಹಿಂದೆ ಅವಳಿಗೂ ಜೊತೆ ಕೆಲಸಕ್ಕೆ ಬಂದ ಟ್ಯಾಂಡ್ರಿಗೂ ನಡುವೆ ಬೆಳೆಯುವ ಪ್ರೇಮ ಎಷ್ಟು ಮೆಲ್ಲಗೆ ಬರುತ್ತದೆಂದರೆ, ಅಜ್ಜಿಯಂದಿರೂ ಆಕ್ಷೇಪವೆತ್ತಲು ಜಾಗ ಹುಡುಕಬೇಕು. ತಾಶಾ ಸೂರಿ ಅವರ ಸರಣಿಯಲ್ಲಿ ಇನ್ನೊಂದು ಅನುಕೂಲ: ಹೆಸರುಗಳು ಪ್ರಿಯಾ, ಮಾಲಿನಿ, ಭೂಮಿಕಾ. ನಮ್ಮ ಸೊಸೈಟಿಯ ಲೆಟರ್‌ಬಾಕ್ಸಿನ ಮೇಲಿನ ಹೆಸರುಗಳೇ.

ಹನ್ನೆರಡರಲ್ಲಿ ಹತ್ತು ಗಂಡಸರ ಜೋಡಿಯದೇ ಆಗುವ ಅಪಾಯವಿದೆ, ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವವು ಅವೇ. ನಾಲ್ಕು ಗಂಡಸರದು, ನಾಲ್ಕು ಹೆಂಗಸರದು, ಎರಡರಲ್ಲಾದರೂ ಟ್ರಾನ್ಸ್ ನಾಯಕನೋ ನಾಯಕಿಯೋ ಇರಲಿ. ಉಳಿದೆರಡರಲ್ಲಿ ಇಬ್ಬಗೆಯ ಒಲವಿನವರು, ದೈಹಿಕ ಸೆಳೆತವೇ ಇಲ್ಲದವರು ಬರಲಿ. ಟ್ರಾನ್ಸ್ ಹುಡುಗ ತಾನು ಕರೆದ ಭೂತದೊಂದಿಗೇ ಪ್ರೇಮದಲ್ಲಿ ಬೀಳುವ ‘ಸೆಮೆಟರಿ ಬಾಯ್ಸ್’ (2020) ಹದಿಹರೆಯದವರಿಗೂ ಆಗುತ್ತದೆ. ಡಬ್ಲಿನ್‌ನಲ್ಲಿ ಮೆಹಂದಿ ವ್ಯಾಪಾರದ ಪೈಪೋಟಿಯಲ್ಲಿ ಒಲಿಯುವ ಬಾಂಗ್ಲಾ ಮೂಲದ ಹುಡುಗಿಯ ‘ದ ಹೆನ್ನಾ ವಾರ್ಸ್’ (2020) ಕೂಡ ಹಾಗೆಯೇ.

ಬರೆದವರು ನಿಜಕ್ಕೂ ಆ ಸಮುದಾಯದವರೇ ಎಂದು ವಿಚಾರಣೆಗೆ ಮಾತ್ರ ಇಳಿಯಬೇಡಿ. ಬರೆದವರೂ ಪಾತ್ರದ ಸಮುದಾಯದವರೇ ಎಂದು ಹೇಳುವ ‘ಓನ್ ವಾಯ್ಸಸ್’ ಎಂಬ ಗುರುತು 2015ರಲ್ಲಿ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿತು. ಬರಬರುತ್ತಾ ಅದು ಲೇಖಕರ ಖಾಸಗಿ ಬದುಕನ್ನು ಕೆದಕುವ ಕೊಕ್ಕೆಯಾಯಿತು. ಅಂಥ ಒತ್ತಡಕ್ಕೆ ಸಿಕ್ಕಿದ ಲೇಖಕಿ ಬೆಕಿ ಆಲ್ಬರ್ಟಲಿ 2020ರಲ್ಲಿ ತಮ್ಮ ಒಲವಿನ ಬಗ್ಗೆ ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. 2021ರಲ್ಲಿ ‘ವಿ ನೀಡ್ ಡೈವರ್ಸ್ ಬುಕ್ಸ್’ ಸಂಸ್ಥೆ ಆ ಗುರುತನ್ನೇ ಕೈಬಿಟ್ಟಿತು.

ಪೊಲೀಸರು ಬಂದರೆ?

ಸಭೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ. ಮುಂಬಯಿಗೆ ಇದರ ನೆನಪೂ ಇದೆ. 1964ರಲ್ಲಿ ಸುಪ್ರೀಂ ಕೋರ್ಟು ಈ ನಗರದ ಪುಸ್ತಕದಂಗಡಿಯೊಂದರ ಪಾಲುದಾರ ರಂಜಿತ್ ಉದೇಶಿ ಅವರ ಶಿಕ್ಷೆಯನ್ನು ಎತ್ತಿಹಿಡಿಯಿತು. ಮಾರಿದ ಪುಸ್ತಕ ಡಿ. ಎಚ್. ಲಾರೆನ್ಸರ ‘ಲೇಡಿ ಚಾಟರ್ಲೀಸ್ ಲವರ್’. ಗಮನಿಸಿ, ಅದು ಗಂಡುಹೆಣ್ಣಿನ ಪ್ರೇಮಕಥೆ. ಆಗ ಬಳಸಿದ ಅಳತೆಗೋಲು ಇಂಗ್ಲೆಂಡಿನ 1868ರ ಹಿಕ್ಲಿನ್ ಪ್ರಕರಣದ್ದು. 2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಅದನ್ನು ಬದಿಗಿಟ್ಟಿತು; ಯಾವುದೋ ಒಂದು ತುಣುಕನ್ನು ಕಿತ್ತು ನೋಡದೆ ಒಟ್ಟಾರೆ ಕೃತಿಯನ್ನು, ಇಂದಿನ ಸಮಾಜದ ಮಾನದಂಡದಿಂದ ನೋಡಬೇಕು ಎಂದಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರತೆಗೆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮು ಅಶ್ಲೀಲತೆಯ ಬಗ್ಗೆ ಹೇಳುವಾಗ ಸಾಹಿತ್ಯಕ್ಕೆ ಹಳೆಯ ವಿನಾಯಿತಿಯನ್ನು ಉಳಿಸಿಕೊಂಡಿದೆ. ಮಕ್ಕಳ ಕೈಗೆ ಅಶ್ಲೀಲ ವಸ್ತು ಕೊಡುವುದನ್ನು 295 ತಡೆಯುತ್ತದೆ. ಮೇಲೆ ಹೇಳಿದ 18ರ ಗುರುತನ್ನು ತಪ್ಪದೆ ಪಾಲಿಸಬೇಕಾದದ್ದು ಇದಕ್ಕೂ ಸೇರಿ. ಹೆಸರಾಂತ ಪ್ರಕಾಶಕರ, ಈ ಊರಿನ ದೊಡ್ಡ ಅಂಗಡಿಗಳಲ್ಲಿ ಬಹಿರಂಗವಾಗಿ ಮಾರಾಟವಾಗುವ ಕಾದಂಬರಿಯನ್ನು ಸಂಘದ ಕಪಾಟಿನಲ್ಲಿ ಇಡಲು ಇದಕ್ಕಿಂತ ಹೆಚ್ಚಿನ ಹೆದರಿಕೆ ಬೇಡ.

ಕಪಾಟು ಮತ್ತು ರಿಜಿಸ್ಟರು

ಈಗ ಆ ಹತ್ತು ಹೆಜ್ಜೆ.

ಕ್ವಿಯರ್ ಪಾತ್ರವಿದೆ ಎಂದ ಕೂಡಲೇ ಕಾದಂಬರಿಯನ್ನು, ಪುಸ್ತಕಗಳನ್ನು ವಿಷಯವಾರು ಅಂಕೆಯಿಂದ ವಿಂಗಡಿಸುವ ಡ್ಯೂಯಿ ಕ್ರಮದ 306.76ಕ್ಕೆ, ಅಂದರೆ ಸಮಾಜಶಾಸ್ತ್ರಕ್ಕೆ ತಳ್ಳುವವರಿದ್ದಾರೆ. ತಪ್ಪು. ಕಾದಂಬರಿ ಕಾದಂಬರಿಯೇ: ಅಮೆರಿಕದ್ದು 813, ಇಂಗ್ಲೆಂಡಿನದು 823, ಲೇಖಕರ ಹೆಸರಿನ ಅಕಾರಾದಿಯಲ್ಲಿ. ಬೇರೆ ಕಪಾಟು ಬೇಡ, ಕಾಮನಬಿಲ್ಲಿನ ಸ್ಟಿಕ್ಕರು ಬೇಡ, ಗಣ್ಯರಿಂದ ಉದ್ಘಾಟನೆಯಂತೂ ಬೇಡ. ಯಾವ ಕಪಾಟಿನ ಮುಂದೆ ನಿಂತರೂ ನಾಲ್ಕು ಜನರ ಕಣ್ಣಿಗೆ ಬೀಳುವ ಸಭಾಂಗಣದಲ್ಲಿ, ‘ವಿಶೇಷ’ ಕಪಾಟಿನ ಮುಂದೆ ನಿಲ್ಲುವ ಧೈರ್ಯ ಯಾರಿಗೆ ಬರುತ್ತದೆ? ಹುಡುಕಲು ದಾರಿ ಮಾತ್ರ ಬೇಕು. ಅದು ಕ್ಯಾಟಲಾಗಿನಲ್ಲಿರಲಿ. ‘ಇಬ್ಬರು ಹುಡುಗಿಯರ ಪ್ರೇಮಕಥೆ, ಮಂತ್ರಲೋಕ, ಬಾಗಿಲು ಮುಚ್ಚಿದೆ’ ಎಂಬಷ್ಟು ಒಂದು ಸಾಲು ಸಾಕು. ‘ಸಲಿಂಗಕಾಮ’ ಎಂಬ ಪದವನ್ನು ಅಲ್ಲಿ ಬರೆಯುವ ಮುನ್ನ, ಗಂಡುಹೆಣ್ಣಿನ ಕಾದಂಬರಿಗೆ ‘ಭಿನ್ನಲಿಂಗಕಾಮ’ ಎಂದು ಬರೆಯುತ್ತೀರಾ ಎಂದು ಕೇಳಿಕೊಳ್ಳಿ. ಹೊಸ ಪುಸ್ತಕಗಳ ಪಟ್ಟಿಯನ್ನು ವಾಟ್ಸಾಪಿಗೆ ಹಾಕುವಾಗ ಮೂವತ್ತರ ನಡುವೆ ಈ ಹನ್ನೆರಡೂ ಬರಲಿ.

ಬೀಗ ಹಾಕಿದ ಗೋದ್ರೆಜ್ ಕಪಾಟಿನಲ್ಲಿಟ್ಟು ಕೀಲಿಕೈ ಒಬ್ಬರ ಜೇಬಿನಲ್ಲಿದ್ದರೆ ಪುಸ್ತಕದ ಹೆಸರು ಹೇಳಿ ಕೇಳಬೇಕಾಗುತ್ತದೆ. ಹೆಸರು ಹೇಳಿ ಕೇಳುವವರು ಬರುವುದಿಲ್ಲ.

ಇನ್ನು ರಿಜಿಸ್ಟರು. ಮೇಜಿನ ಮೇಲೆ ತೆರೆದಿಟ್ಟ ಉದ್ದ ಪುಸ್ತಕ. ಅಡ್ಡಗೆರೆಗಳ ನಡುವೆ ದಿನಾಂಕ, ಸದಸ್ಯರ ಹೆಸರು, ಪುಸ್ತಕದ ಹೆಸರು, ಸಹಿ. ನಿಮ್ಮ ಸಹಿ ಹಾಕಲು ಬಗ್ಗಿದಾಗ ಮೇಲಿನ ಇಪ್ಪತ್ತು ಸಾಲು ಓದದೆ ಇರಲು ಸಾಧ್ಯವೇ? ಶೆಟ್ಟರ ಮಗಳು ಏನು ಒಯ್ದಳು, ಪೂಜಾರಿಯವರ ಸೊಸೆ ಏನು ಒಯ್ದಳು ಎಂಬುದು ಮುಂದಿನ ಭಾನುವಾರದ ಭಜನೆಯೊಳಗೆ ಎಲ್ಲರಿಗೂ ಗೊತ್ತು. ಪುಸ್ತಕ ಮೂರು ವರ್ಷ ಕಪಾಟಿನಲ್ಲಿದ್ದು ಒಂದು ಸಲವೂ ಹೊರಗೆ ಹೋಗಲಿಲ್ಲ ಎಂದರೆ ಓದುಗರಿಲ್ಲ ಎಂದು ತೀರ್ಮಾನಿಸುವ ಮೊದಲು ಈ ರಿಜಿಸ್ಟರನ್ನು ನೋಡಿಕೊಳ್ಳಿ.

ಪರಿಹಾರ ಹಳೆಯದು, ಅಗ್ಗದ್ದು. ಗ್ರಂಥಪಾಲಕರು ಬ್ರೌನ್ ಪದ್ಧತಿ ಎನ್ನುತ್ತಾರೆ. ಪ್ರತಿ ಪುಸ್ತಕದ ಹಿಂಬದಿ ರಟ್ಟಿನ ಒಳಗೆ ಒಂದು ಕಾಗದದ ಜೇಬು. ಅದರಲ್ಲಿ ಪುಸ್ತಕದ ಕ್ರಮಸಂಖ್ಯೆ, ಹೆಸರು ಬರೆದ ಚೀಟಿ. ಪ್ರತಿ ಸದಸ್ಯರಿಗೆ ಎಷ್ಟು ಪುಸ್ತಕ ಒಯ್ಯಬಹುದೋ ಅಷ್ಟು ಟಿಕೆಟು. ಟಿಕೆಟು ಅಂದರೆ ಅವರ ಹೆಸರಿರುವ, ಬಾಯಿ ತೆರೆದ ಚಿಕ್ಕ ಲಕೋಟೆ. ಪುಸ್ತಕ ಕೊಡುವಾಗ ಜೇಬಿನ ಚೀಟಿಯನ್ನು ಸದಸ್ಯರ ಟಿಕೆಟಿನೊಳಗೆ ಅರ್ಧ ಇಳಿಸಿ, ಮರಳಿಸಬೇಕಾದ ದಿನದ ಅಡ್ಡಪಟ್ಟಿಯ ಹಿಂದೆ ಟ್ರೇಯಲ್ಲಿ ನಿಲ್ಲಿಸಿ. ಪುಸ್ತಕದೊಳಗಿನ ಹಾಳೆಗೆ ಆ ದಿನಾಂಕದ ಮುದ್ರೆ ಒತ್ತಿ. ಮರಳಿ ಬಂದಾಗ ಮುದ್ರೆಯ ದಿನಾಂಕ ನೋಡಿ, ಆ ಸಾಲಿನಲ್ಲಿ ಕ್ರಮಸಂಖ್ಯೆ ಹುಡುಕಿ, ಚೀಟಿ ಪುಸ್ತಕಕ್ಕೆ, ಟಿಕೆಟು ಸದಸ್ಯರ ಕೈಗೆ. ಅಷ್ಟೇ. ಆ ಕ್ಷಣದಿಂದ ಆ ಪುಸ್ತಕವನ್ನು ಯಾರು ಒಯ್ದಿದ್ದರು ಎಂದು ನಿಮಗೂ ಹೇಳಲಾಗುವುದಿಲ್ಲ. ಶಾಶ್ವತ ದಾಖಲೆ ಉಳಿಯುವುದಿಲ್ಲ ಎಂಬುದನ್ನು ಗ್ರಂಥಾಲಯದ ಪಠ್ಯಗಳು ಈ ಪದ್ಧತಿಯ ಕೊರತೆಯೆಂದು ಪಟ್ಟಿಮಾಡುತ್ತವೆ. ನಮಗೆ ಬೇಕಾಗಿರುವುದು ಆ ಕೊರತೆಯೇ. ನ್ಯೂಅರ್ಕ್ ಎಂಬ ಇನ್ನೊಂದು ಪದ್ಧತಿಯಲ್ಲಿ ಒಯ್ದವರ ಸದಸ್ಯಸಂಖ್ಯೆ ಪುಸ್ತಕದ ಚೀಟಿಯ ಮೇಲೆಯೇ ಉಳಿಯುತ್ತದೆ, ಅದು ಬೇಡ.

300 ಸದಸ್ಯರಿಗೆ ತಲಾ ಎರಡರಂತೆ 600 ಟಿಕೆಟು ಬೇಕು. ಹಳೆಯ ಮದುವೆ ಕರೆಯೋಲೆಯ ರಟ್ಟು ಕತ್ತರಿಸಿದರೂ ಆದೀತು. ಟ್ರೇಗೆ ಮುಚ್ಚಳವಿರಲಿ, ಅದು ಕೌಂಟರಿನ ಒಳಬದಿಯಲ್ಲಿರಲಿ. ಎಡವಟ್ಟಾಗುವುದು ಎರಡು ಕಡೆ. ಟಿಕೆಟು ಕಳೆದವರಿಗೆ ಇನ್ನೊಂದು ಕೊಡುವಾಗ ಗುರುತು ಹಾಕದಿದ್ದರೆ ಅವರು ಮೂರು ಪುಸ್ತಕ ಒಯ್ಯುತ್ತಾರೆ. ಚೀಟಿಯನ್ನು ತಪ್ಪು ದಿನಾಂಕದ ಹಿಂದೆ ಇಟ್ಟರೆ ಮರಳಿಸುವಾಗ ಟ್ರೇ ಇಡೀ ಜಾಲಾಡಬೇಕು. ಅದಕ್ಕೇ ಸಂಜೆ ಮುಚ್ಚುವಾಗ ಒಮ್ಮೆ ಸರಿಪಡಿಸಿ. ವಾರ್ಷಿಕ ವರದಿಗೆ ಸಂಖ್ಯೆ ಸಾಕು, ಹೆಸರು ಬೇಡ. ಪುಸ್ತಕ ಎಷ್ಟು ಸಲ ಹೋಗಿದೆ ಎಂಬುದನ್ನು ಹಾಳೆಯ ಮೇಲಿನ ಮುದ್ರೆಗಳೇ ಎಣಿಸಿಕೊಡುತ್ತವೆ.

ಕಂಪ್ಯೂಟರಿನಲ್ಲಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವ ಸಂಘಗಳಿಗೆ ಕೆಲಸ ಇನ್ನೂ ಕಡಿಮೆ. ಮರಳಿ ಬಂದ ಪುಸ್ತಕದ ಇತಿಹಾಸದಿಂದ ಸದಸ್ಯರ ಹೆಸರು ಕಳಚುವ ಸೌಲಭ್ಯ ಅದರಲ್ಲಿದೆ. ಅದಕ್ಕೆ ಮೊದಲು ‘ಅನಾಮಿಕ’ ಎಂಬಂಥ ಒಂದು ಸದಸ್ಯ ಖಾತೆ ತೆರೆದು ಹೊಂದಿಸಬೇಕು. ಇದನ್ನು ಬಿಟ್ಟವರೇ ‘ಆಗುತ್ತಿಲ್ಲ’ ಎಂದು ಕೈಚೆಲ್ಲುತ್ತಾರೆ. ಎಕ್ಸೆಲ್ ಹಾಳೆಯಲ್ಲಿ ಬರೆದು ಇಡೀ ಸಮಿತಿಗೆ ಹಂಚುವ ಪದ್ಧತಿ ಮೇಜಿನ ಮೇಲಿನ ರಿಜಿಸ್ಟರಿಗಿಂತ ಕೆಟ್ಟದ್ದು.

ಬಾಕಿ ನೆನಪಿಸುವಾಗ ‘ನಿಮ್ಮಿಂದ ಒಂದು ಪುಸ್ತಕ ಬರಬೇಕಿದೆ’ ಎಂದಷ್ಟೇ, ಅವರೊಬ್ಬರ ಫೋನಿಗೇ. ಗುಂಪಿನಲ್ಲಿ ಪುಸ್ತಕದ ಹೆಸರು ಹಾಕಿ ಜ್ಞಾಪಿಸುವುದು, ಮನೆಯ ನಂಬರಿಗೆ ಕರೆಮಾಡಿ ಎತ್ತಿದವರಿಗೆ ಹೆಸರು ಹೇಳುವುದು ನಿಲ್ಲಲಿ. ಮತ್ತೆ ಮುಖಪುಟ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್ಲಿನಲ್ಲಿ ದಿನವೂ ಒಂದೇ ಡಬ್ಬಿ, ಒಂದೇ ಗುಂಪು. ಶಾಲೆಯ ಪುಸ್ತಕಕ್ಕೆ ಹಾಕುವ ಖಾಕಿ ಬೈಂಡನ್ನು ಗ್ರಂಥಾಲಯದ ಎಲ್ಲ ಪುಸ್ತಕಗಳಿಗೂ ಹಾಕಿ. ಈ ಹನ್ನೆರಡಕ್ಕೆ ಮಾತ್ರ ಹಾಕಿದರೆ ಖಾಕಿಯೇ ಗುರುತಾಗುತ್ತದೆ. ಫೋನಿನಲ್ಲಿ ಓದಿಕೊಳ್ಳಲಿ ಎನ್ನುವವರಿಗೆ ಒಂದು ಮಾತು: ಮನೆಮಂದಿಗೆಲ್ಲ ಒಂದೇ ಅಕೌಂಟ್ ಇದ್ದರೆ ಮಗ ಕೊಂಡ ಇ-ಪುಸ್ತಕದ ಮುಖಪುಟ ಅಪ್ಪನ ಫೋನಿನಲ್ಲೂ ಮೂಡುತ್ತದೆ. ಸಂಘದ ಕಾಗದದ ಪುಸ್ತಕ ಅದಕ್ಕಿಂತ ಭದ್ರ.

ತಕರಾರು ಬಂದಾಗ ಬಾಯಿಮಾತಿಗೆ ಬಗ್ಗಬೇಡಿ. ಲಿಖಿತವಾಗಿ ಕೊಡಲಿ: ಪುಸ್ತಕದ ಹೆಸರು, ಪುಟಸಂಖ್ಯೆ, ಪೂರ್ತಿ ಓದಿದ್ದಾರೆಯೇ, ಏನು ಮಾಡಬೇಕೆನ್ನುತ್ತಾರೆ. ಮೂವರು ಪುಸ್ತಕ ಪೂರ್ತಿ ಓದಿ 30 ದಿನದೊಳಗೆ ಲಿಖಿತ ಉತ್ತರ ಕೊಡಲಿ. ಅಷ್ಟು ದಿನವೂ ಪುಸ್ತಕ ಕಪಾಟಿನಲ್ಲೇ ಇರಲಿ. ಪೂರ್ತಿ ಓದಿದ್ದೀರಾ ಎಂಬ ಕಾಲಮಿನ ಹತ್ತಿರ ಬಹಳ ತಕರಾರುಗಳು ನಿಂತುಬಿಡುತ್ತವೆ.

ಕನ್ನಡಕ್ಕೆ ತರುವುದಾದರೆ

ಸಂಘದ ಮಾಸಪತ್ರಿಕೆಯಲ್ಲಿ ಇಂಥ ಕಾದಂಬರಿಯ ಅಧ್ಯಾಯವೊಂದನ್ನು ಅನುವಾದಿಸಿ ಹಾಕಬಹುದು. ಲೇಖಕರ ಏಜೆಂಟರಿಂದ ಲಿಖಿತ ಅನುಮತಿ ಬೇಕು, ಪತ್ರಿಕೆಗೆ ಮತ್ತು ಪುಸ್ತಕಕ್ಕೆ ಬೇರೆಬೇರೆಯಾಗಿ. ಅನುಮತಿ ಸಿಕ್ಕಿದ ಮೇಲೆ ಅನುವಾದದ ಕೆಲಸ ನಿಜವಾಗಿ ರುಚಿಯಾದದ್ದು, ಏಕೆಂದರೆ ನಮ್ಮ ವ್ಯಾಕರಣ ಇಲ್ಲಿ ಅರ್ಧ ದಾರಿ ಎದುರು ಬಂದು ನಿಲ್ಲುತ್ತದೆ.

ಮರಾಠಿಯಲ್ಲಿ ‘ಮೀ ಆಲೋ’ ಎಂದರೆ ಗಂಡು, ‘ಮೀ ಆಲೇ’ ಎಂದರೆ ಹೆಣ್ಣು. ಬಾಯಿ ತೆರೆದರೆ ಲಿಂಗ ಹೊರಬಿತ್ತು. ಕನ್ನಡದಲ್ಲಿ ‘ನಾನು ಬಂದೆ’, ‘ನೀನು ಬಂದೆಯಾ’. ಯಾರು ಯಾರಿಗೆ ಹೇಳಿದರೂ ಅದೇ. ಪ್ರೇಮಿಗಳ ಮಾತೆಲ್ಲ ನಾನು-ನೀನು ತಾನೇ. ಇಡೀ ಪ್ರಣಯ ಸಂಭಾಷಣೆಯನ್ನು ಗಂಡೋ ಹೆಣ್ಣೋ ಹೇಳದೆ ಕನ್ನಡದಲ್ಲಿ ನಡೆಸಬಹುದು. ತೊಡಕು ಬರುವುದು ಮೂರನೆಯವರಲ್ಲಿ: ಬಂದ, ಬಂದಳು. ಗಂಡು ಹೆಣ್ಣು ಎರಡೂ ಅಲ್ಲವೆನ್ನುವ ಪಾತ್ರಕ್ಕೆ ‘ಅವರು ಬಂದರು’ ಸಲೀಸಾಗಿ ಒಪ್ಪುತ್ತದೆ, ಹೇಗೂ ನಾವು ಗೌರವಕ್ಕೆ ಬಳಸುವುದೇ. ಆದರೆ ‘ಅವರು ಅವರ ಕೈ ಹಿಡಿದರು’ ಎಂದು ಬರೆದರೆ ಯಾರ ಕೈ ಯಾರ ಹಿಡಿತದಲ್ಲಿದೆ ಎಂದು ಓದುಗರು ಪುಟ ತಿರುಗಿಸಬೇಕಾಗುತ್ತದೆ. ಒಬ್ಬರನ್ನಾದರೂ ಹೆಸರು ಹಿಡಿದು ಕರೆಯಿರಿ, ‘ತಮ್ಮ’ ಬಳಸಿ. ಮನುಷ್ಯರಿಗೆ ‘ಅದು ಬಂತು’ ಎಂದು ಮಾತ್ರ ಬರೆಯಬೇಡಿ. ತಟಸ್ಥವೆಂದುಕೊಂಡು ಹಾಗೆ ಬರೆದದ್ದು ಬೈಗುಳವಾಗುತ್ತದೆ. ‘ಮಂಗಳಮುಖಿ’, ‘ಜೋಗತಿ’ ಎಂಬವು ನಮ್ಮಲ್ಲಿನ ನಿರ್ದಿಷ್ಟ ಸಮುದಾಯಗಳ ಹೆಸರು. ಲಾಸ್ ಏಂಜಲೀಸಿನ ಟ್ರಾನ್ಸ್ ಹುಡುಗನಿಗೆ ಅವನ್ನು ಅಂಟಿಸಬಾರದು. ‘ಟ್ರಾನ್ಸ್ ಹುಡುಗ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಪಾರ್ಟ್ನರ್’ ಎಂಬುದಕ್ಕೆ ‘ಸಂಗಾತಿ’ ಪುಸ್ತಕದ ಮಾತಾಯಿತು. ‘ನಮ್ಮನೆಯವರು’ ಎಂದು ಬರೆದು ನೋಡಿ. ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಮನೆಯೊಂದೇ ಇದೆ.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬಲ್ಲಿ ಸೇರಿಸಬೇಡಿ. ‘ಪುಸ್ತಕ ಖರೀದಿ’ ಎಂಬಲ್ಲೇ ಸೇರಿಸಿ, ಟಿಕೆಟುಗಳ ರಟ್ಟಿನ ಖರ್ಚನ್ನೂ ಅದರ ಕೆಳಗೇ ಬರೆಯಿರಿ. ಇತರ ವಿಷಯ ಬರುವ ಹೊತ್ತಿಗೆ ಅರ್ಧ ಜನ ಕರ್ಜತ್ ಲೋಕಲ್ ಹಿಡಿಯಲು ಎದ್ದಿರುತ್ತಾರೆ.

ಇಂತಿ,
ಮುಂಬಯಿ ಮತ್ತು ಪುಣೆಯ ಕೆಲವು ಓದುಗರು, ಗ್ರಂಥಾಲಯ ಕಾರ್ಯಕರ್ತರು